ಈ ಫೈಲಿನ ಮಾಲಕರು ಯಾರ್ರಿ?

ಸರ್ವರ್ ಎಂದರೆ ಒಂದು ಕಂಪ್ಯೂಟರು, ಅದರಲ್ಲಿ ನಗುವಂಥದ್ದು ಏನಿರುತ್ತದೆ ಎಂದು ನಮ್ಮ ಮನೆಯವರು ಕೇಳುತ್ತಾರೆ. ಕಂಪ್ಯೂಟರಿನಲ್ಲಿ ಏನೂ ಇಲ್ಲ, ನಿಜ. ಆದರೆ ಅದರೊಳಗೆ ಜಾಗ ಹಿಡಿದವರು ನಮ್ಮ ಕೊಪ್ಪಳ ಜಿಲ್ಲೆಯವರು. ಹಾಗಾಗಿ ವಾರಕ್ಕೊಂದಾದರೂ ತಮಾಷೆ ಆಗುತ್ತಲೇ ಇರುತ್ತದೆ.

ಕೊಪ್ಪಳದ ಒಂದು ಅರಿವೆ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ನಾನು ಸುತ್ತಲ ಊರುಗಳ ವೆಬ್‌ಸೈಟುಗಳಿಗೆ ಜಾಗ ಕೊಡುತ್ತೇನೆ, ವಠಾರದ ಮಾಲಕರು ಬಾಡಿಗೆಗೆ ಕೋಣೆ ಕೊಟ್ಟ ಹಾಗೆ. ಯಾವ ಫೈಲು ಯಾರ ಹೆಸರಿನಲ್ಲಿದೆ, ಅದನ್ನು ಯಾರು ಓದಬಹುದು, ಯಾರು ತಿದ್ದಿ ಬರೆಯಬಹುದು, ಯಾರು ನಡೆಸಬಹುದು, ಇದನ್ನು ನೋಡಿಕೊಳ್ಳುವುದೇ ನನ್ನ ದಿನದ ಕೆಲಸ. ಮೊದಲು ಒಂದು ಕಾಲೇಜಿನ ಲ್ಯಾಬಿನಲ್ಲಿ ಮೌಸ್ ಒರೆಸುತ್ತಿದ್ದೆ. ಅದನ್ನು ಬಿಟ್ಟು ಇದಕ್ಕೆ ಬಂದಾಗ ನನ್ನ ಬಂಡವಾಳ ಒಂದೇ ಇತ್ತು: ಇಂವ ಒಬ್ಬರದನ್ನು ಇನ್ನೊಬ್ಬರ ಹೆಸರಿಗೆ ಮಾಡುವ ಪೈಕಿ ಅಲ್ಲ ಎಂಬ ನಂಬಿಕೆ. ಒಬ್ಬ ಗಿರಾಕಿ ಆ ನಂಬಿಕೆ ಕಳೆದುಕೊಂಡರೂ ಸಾಕು, ಸಂತೆಯಲ್ಲಿ ಸುದ್ದಿಯಾಗಿ ಉಳಿದವರೂ ಗಂಟು ಕಟ್ಟುತ್ತಾರೆ, ನಾನು ವಾಪಸ್ ಮೌಸ್ ಒರೆಸಲು ಹೋಗಬೇಕು. ಅದಕ್ಕೇ ನಾನು ನಗುವುದೇನಿದ್ದರೂ ಗಿರಾಕಿ ಮೆಟ್ಟಿಲಿಳಿದು ಹೋದ ಮೇಲೆ.

೧. ಪೂರಾ ಏಳು

ಗಂಗಾವತಿಯ ಅಕ್ಕಿ ಗಿರಣಿಯ ಸಾಹುಕಾರರು ಒಂದು ದಿನ ನನ್ನ ಪಕ್ಕದಲ್ಲಿ ಕೂತು ತಮ್ಮ ಸೈಟಿನ ಫೋಲ್ಡರು ನೋಡುತ್ತಿದ್ದರು. ಪ್ರತಿ ಫೋಲ್ಡರಿನ ಮುಂದೆ ಮೂರು ಅಂಕಿ ಇರುತ್ತವೆ. ಮೊದಲನೆಯದು ಮಾಲಕರಿಗೆ, ಎರಡನೆಯದು ಅವರ ಗುಂಪಿಗೆ, ಮೂರನೆಯದು ಊರ ಮಂದಿಗೆಲ್ಲ. ಏಳು ಅಂದರೆ ಎಲ್ಲ ಹಕ್ಕೂ ಇದೆ ಎಂದು. ಐದು ಅಂದರೆ ಬರೆಯುವುದೊಂದು ಬಿಟ್ಟು ಉಳಿದದ್ದು. ಅವರದು ಏಳು ಐದು ಐದು ಇತ್ತು.

"ಇದೇನ್ರಿ, ಒಂದ ಏಳು ಹಾಕಿ ಮುಂದ ಐದೈದು ಹಾಕೀರಿ? ನಮಗ್ಯಾಕ ಕಡಿಮಿ?"

"ಸಾಹುಕಾರ್ರ, ಆ ಏಳು ನಿಮ್ಮದು. ಐದು ಮಂದೀದು."

"ಮಂದಿಗೂ ಏಳು ಕೊಡ್ರಿ. ನಮ್ಮ ಲಾರಿ ನಂಬರ್ ಮೂರ ಏಳು, ಕಾರಿನ ನಂಬರ್ ಮೂರ ಏಳು. ಸೈಟಿಗೆ ಮಾತ್ರ ಐದು ಯಾಕ?"

"ಹಂಗ ಕೊಟ್ರ ಹಾದ್ಯಾಗ ಹೋಗಾವ್ರೆಲ್ಲಾ ಬಂದು ನಿಮ್ಮ ಗ್ವಾಡಿ ಮ್ಯಾಲ ಬರೀತಾರ್ರಿ."

"ಬರೀಲಿ ಬಿಡ್ರಿ. ಗಿರಣಿ ಹೆಸರು ನಾಕ ಮಂದಿ ಬಾಯಾಗ ಬಂದ್ರ ಛಲೋನ ಅಲ್ಲೇನು?"

ನಾನು ಒಪ್ಪಲಿಲ್ಲ. ಪಾಸ್‌ವರ್ಡ್ ಅವರದೇ ಇತ್ತು, ಮನೆಗೆ ಹೋಗಿ ತಾವೇ ಎಲ್ಲದಕ್ಕೂ ಏಳು ಕೊಟ್ಟುಕೊಂಡರು. ಎಂಟು ದಿನಕ್ಕೆ ಸೈಟು ತೆರೆದರೆ ಅಕ್ಕಿ ಚೀಲ ಒಂದೂ ಇಲ್ಲ. ಪುಟದ ತುಂಬ ಯಾವುದೋ ದೇಶದ ಓಡುವ ಬೂಟುಗಳು, ಓದಲು ಬಾರದ ಅಕ್ಷರ. ತಪ್ಪು ಯಾರದೇ ಇರಲಿ, ಹೆಸರು ಕೆಡುವುದು ನನ್ನದು. ಬಸ್ಸು ಹಿಡಿದು ಗಂಗಾವತಿಗೆ ಹೋದೆ. ಸಾಹುಕಾರರು ಗಾದಿಯ ಮೇಲೆ ಕೂತು ಮೊಬೈಲನ್ನೇ ನೋಡುತ್ತಿದ್ದರು.

"ಸಾಹುಕಾರ್ರ, ಅರ್ಧಾ ತಾಸಿನ್ಯಾಗ ಎಲ್ಲಾ ತಗದು ಹಾಕ್ತೀನ್ರಿ," ಎಂದೆ.

"ತಡೀರಿ, ಅವಸರ ಮಾಡಬ್ಯಾಡ್ರಿ," ಎಂದರು. "ಮೂರನೇ ಸಾಲಿನ್ಯಾಗ ನೀಲಿ ಜೋಡ ಐತೆಲ್ಲ, ಅದು ಒಂಬತ್ತನೇ ಸೈಜಿನ್ಯಾಗ ಸಿಗತೈತೇನು ಕೇಳ್ರಿ ಮೊದಲ."

೨. ರೂಟ್ ಸಾಹೇಬರಿಗೆ ಅರ್ಜಿ

ಅಳವಂಡಿಯಲ್ಲಿ ಒಬ್ಬ ನಿವೃತ್ತ ಗ್ರಾಮಲೆಕ್ಕಾಧಿಕಾರಿಗಳಿದ್ದಾರೆ. ಆ ಕಡೆಯ ಹಳೇ ಬಾವಿ, ವೀರಗಲ್ಲುಗಳ ಫೋಟೋ ತೆಗೆದು, ಪ್ರತಿಯೊಂದಕ್ಕೂ ಲೇಖನ ಬರೆದು ಸೈಟಿಗೆ ಹಾಕುತ್ತಾರೆ. ಒಮ್ಮೆ ಅವರ ಫೈಲುಗಳನ್ನು ಹೊಸ ಸರ್ವರಿಗೆ ಸಾಗಿಸುವ ಗಡಿಬಿಡಿಯಲ್ಲಿ ನಾನೇ ಒಂದು ತಪ್ಪು ಮಾಡಿದೆ. ಎಲ್ಲವೂ 'ರೂಟ್' ಹೆಸರಿಗೆ ಬಿದ್ದವು. ರೂಟ್ ಅಂದರೆ ಸರ್ವರಿನ ಎಲ್ಲರಿಗಿಂತ ಮೇಲಿನ ಖಾತೆ, ಅಂದರೆ ನಾನೇ. ಪಾಪ, ಅವರಿಗೆ ತಮ್ಮದೇ ಲೇಖನದ ಒಂದು ಕಾಗುಣಿತ ತಿದ್ದಲು ಬರದೆ ಹೋಯಿತು.

ಬಸ್ಸು ಹಿಡಿದು ನನ್ನ ಕೋಣೆಗೆ ಬಂದರು. ನಾನು ಫೈಲುಗಳ ಪಟ್ಟಿ ತೆಗೆದು ತೋರಿಸಿದೆ. ಚಾಳೀಸು ಏರಿಸಿ, ಪಹಣಿ ಓದುವ ಹಾಗೆ ಬೆರಳಿಟ್ಟು ಒಂದೊಂದೇ ಸಾಲು ಓದಿದರು.

"ಇದು ಮಾಲಕರ ಕಾಲಮ್ಮು. ಅದರ ಬಾಜೂ ಇರೋದು ಕಬ್ಜೇದಾರರದು, ಹೌದಿಲ್ಲೋ?"

"ಅದು ಗುಂಪಿನ ಹೆಸರ್ರಿ."

"ಒಂದ ಆತು ಬಿಡ್ರಿ. ಈಗ ಮಾಲಕರ ಕಾಲಮ್ಮಿನ್ಯಾಗ ರೂಟ್ ಅಂತ ಬಂದೈತಿ. ಯಾರಿವ್ರು?"

"ಎಲ್ಲಾರಿಗಿಂತ ಮ್ಯಾಲಿನವ್ರು," ಎಂದೆ. ನಾನೇ ಎಂದು ಹೇಳುವ ಧೈರ್ಯ ಬರಲಿಲ್ಲ.

"ಅಂದ್ರ ಸರ್ಕಾರ. ನನ್ನ ಬಾವಿ ಎಲ್ಲಾ ಸರ್ಕಾರಿ ಪಡಾ ಆಗ್ಯಾವ. ಒಂದ ಹಾಳಿ ಕೊಡ್ರಿ."

ಕೂತು ಬರೆಯತೊಡಗಿದರು: 'ಮಾನ್ಯ ರೂಟ್ ಸಾಹೇಬರ ಸನ್ನಿಧಾನಕ್ಕೆ, ಅಳವಂಡಿ ಗ್ರಾಮದ ಅರ್ಜಿದಾರನು ವಿನಂತಿಸಿಕೊಳ್ಳುವುದೇನೆಂದರೆ...' ಅವರು ಎರಡನೇ ಸಾಲಿಗೆ ಬರುವುದರೊಳಗೆ ನಾನು ಒಂದೇ ಆದೇಶ ಒತ್ತಿ ಎಲ್ಲವನ್ನೂ ಅವರ ಹೆಸರಿಗೆ ಮಾಡಿಬಿಟ್ಟೆ. ಆತ್ರಿ ಎಂದರೂ ಏಳಲಿಲ್ಲ. ಹುಕುಂ ಇಲ್ಲದೆ ಖಾತೆ ಬದಲಾಗಿದ್ದು ತಮ್ಮ ಸರ್ವೀಸಿನಲ್ಲಿ ನೋಡಿಲ್ಲ ಎಂದರು. ಅರ್ಜಿಯ ಮೇಲೆ 'ಮಂಜೂರು' ಎಂದು ಬರೆದು, ರೂಟ್ ಎಂದು ಸಹಿ ಮಾಡಿದೆ.

"ಸಿಕ್ಕಾ?" ಎಂದರು.

ನನ್ನ ಹತ್ತಿರ ಯಾವ ಸಿಕ್ಕಾ ಇರುತ್ತದೆ? ಕೆಳಗಿನ ಅರಿವೆ ಅಂಗಡಿಗೆ ಇಳಿದು, ಅಲ್ಲಿದ್ದ ರಬ್ಬರ್ ಸ್ಟಾಂಪನ್ನೇ ತಂದು ಗುದ್ದಿದೆ. ಗುದ್ದಿದ ಮೇಲೆ ಓದಿಕೊಂಡೆ: 'ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ.' ನಾಚಿಕೆಯಿಂದ ನೆಲ ನೋಡುತ್ತ ನಿಂತೆ. ಅವರು ಮಾತ್ರ ಅದನ್ನು ಎರಡು ಸಲ ಓದಿ, ನೀಟಾಗಿ ಮಡಚಿ, ಚೀಲದೊಳಗೆ ಇಟ್ಟುಕೊಂಡರು.

"ಛಲೋ ಆತು. ಖಾಯಂ ಹಕ್ಕು ಅಂತ ಸ್ಪಷ್ಟ ಬರದಾರ."

೩. ಭಾರಿ ಭದ್ರ

ಯಲಬುರ್ಗಾದ ಒಂದು ಕಾಲೇಜಿನ ಗುಮಾಸ್ತರು ಬಹಳ ಎಚ್ಚರದ ಮನುಷ್ಯ. ಪರೀಕ್ಷೆಯ ಫಲಿತಾಂಶವನ್ನು ಹನ್ನೊಂದು ಗಂಟೆಗೆ ಸೈಟಿನಲ್ಲಿ ಬಿಡುವುದಿತ್ತು. ಅದಕ್ಕೂ ಮೊದಲು ಯಾರೂ ಕದ್ದು ನೋಡಬಾರದು ಎಂದು ಹಿಂದಿನ ದಿನವೇ ಅವರು ತಮ್ಮ ಎಲ್ಲಕ್ಕೂ ಮೇಲಿನ ಫೋಲ್ಡರಿಗೆ ಸೊನ್ನೆ ಸೊನ್ನೆ ಸೊನ್ನೆ ಕೊಟ್ಟಿದ್ದರು. ಹತ್ತೂವರೆಗೆ ಫೋನು ಬಂತು.

"ಸರ್, ಭಾರಿ ಭದ್ರ ಮಾಡೀನ್ರಿ. ಒಂದ ಹುಳಾನೂ ಒಳಗ ಹೋಗಂಗಿಲ್ಲ."

"ಛಲೋ ಆತಲ್ರಿ. ಮತ್ತೇನಾತು?"

"ನಾನೂ ಹೋಗಂಗಿಲ್ರಿ."

ಹೊರಗೆ ಹುಡುಗರೆಲ್ಲ ನೆರೆದಿದ್ದಾರೆ, ಪ್ರಿನ್ಸಿಪಾಲರು ಗುಮಾಸ್ತರ ಬೆನ್ನಿಗೇ ನಿಂತಿದ್ದಾರೆ, ಅವರ ಉಸಿರಾಟ ನನಗೆ ಫೋನಿನಲ್ಲೇ ಕೇಳುತ್ತಿತ್ತು. ಐದು ನಿಮಿಷ ಕೊಡ್ರಿ ಎಂದು ಕೆಲಸಕ್ಕೆ ಕೂತೆ. ಅಷ್ಟರಲ್ಲಿ ಇನ್ನೊಂದು ಫೋನು. ಸೈಟಿನ ಕೆಳಗೆ ಇರುವ ನನ್ನ ನಂಬರು ನೋಡಿ ಒಬ್ಬ ಹುಡುಗಿ ಮಾಡಿದ್ದಳು.

"ಸರ್, ರಿಜಲ್ಟ್ ಸೈಟು ರಿಪೇರಿ ಮಾಡೋರು ನೀವ ಏನ್ರಿ?"

"ಹೌದವ್ವಾ. ಐದ ನಿಮಿಷದಾಗ ಬರತೈತಿ, ಹೆದರಬ್ಯಾಡ."

"ಹಂಗಲ್ರಿ ಸರ್. ನಮ್ಮಪ್ಪ ನಾಳಿ ಹೇಮಗುಡ್ಡಕ್ಕ ದೇವಿ ದರ್ಶನಕ್ಕ ಹೊಂಟಾನ. ಅಂವ ಬಸ್ ಹತ್ತೂ ತನಕ ಹಂಗ ಭದ್ರ ಇರ್ಲಿ ಬಿಡ್ರಿ."

೪. ಯಾರೂ ಅಲ್ಲದಾಂವ

ಕುಷ್ಟಗಿಯ ಬಳೆ ಅಂಗಡಿಯವರು ನನ್ನ ಎಲ್ಲರಿಗಿಂತ ಹಳೆಯ ಗಿರಾಕಿಗಳು. ಉಳಿದವರಲ್ಲಿ ಅರ್ಧಕ್ಕರ್ಧ ಮಂದಿ ಅವರ ಮಾತಿನ ಮೇಲೆಯೇ ನನ್ನ ಹತ್ತಿರ ಬಂದವರು. ಅಣ್ಣತಮ್ಮ ಇಬ್ಬರೂ ಕೂಡಿ ಅಂಗಡಿ ನಡೆಸುತ್ತಿದ್ದರು. ಈಗ ವಾಟ್ನಿಪತ್ರ ಎಂದು ಪಾಲಿನ ಕಾಗದ ಬರೆಸಿಕೊಂಡು ಬೇರೆಯಾಗಿದ್ದಾರೆ. ಅಂಗಡಿಯ ನಡುವೆ ಪ್ಲೈವುಡ್ಡಿನ ಗೋಡೆ ಎದ್ದಿದೆ. ಗಾಜಿನ ಬಳೆ ಅಣ್ಣನಿಗೆ, ಅರಗಿನ ಬಳೆ ತಮ್ಮನಿಗೆ. ಪಾಲಾಗದೆ ಉಳಿದದ್ದು ವೆಬ್‌ಸೈಟ್ ಒಂದೇ.

ಒಂದು ಮಧ್ಯಾಹ್ನ ಅಣ್ಣನ ಫೋನು ಬಂತು. "ಸೈಟಿನ್ಯಾಗಿಂದ ಅರಗಿನ ಬಳಿ ಫೋಟೋ ತಗದು ಹಾಕಬೇಕಂದ್ರ ಅನುಮತಿ ಇಲ್ಲ ಅನ್ನಾಕತ್ತೈತಿ. ಸೈಟು ತಮ್ಮನ ಹೆಸರಿಗೆ ಮಾಡಿಕೊಟ್ಟೀರಿ, ಹೌದಿಲ್ಲೋ?" ಅದನ್ನು ಇಡುವುದರೊಳಗೆ ತಮ್ಮನದು. ಅವನಿಗೆ ಗಾಜಿನ ಬಳೆಯ ಫೋಟೋ ಅಳಿಸಲು ಬರುತ್ತಿಲ್ಲ. ಅವನ ಪ್ರಕಾರ ನಾನು ಅಣ್ಣನ ಕಡೆಯವನು. ಎಷ್ಟು ಹೇಳಿದರೂ ಇಬ್ಬರೂ ನಂಬಲಿಲ್ಲ. "ನಾಳಿ ಬರ್ತೀವಿ. ನೀವು ಯಾರ ಪೈಕಿ ಅಂತ ಅಲ್ಲೇ ಗೊತ್ತಾಗತೈತಿ," ಎಂದು ಇಬ್ಬರೂ ಒಂದೇ ಮಾತು ಹೇಳಿದರು. ನನಗೆ ನಿಜವಾಗಿ ಹೆದರಿಕೆಯಾಯಿತು. ಇವರು ಹೋದರೆ ಉಳಿದವರು ನಿಲ್ಲುವುದಿಲ್ಲ.

ಮರುದಿನ ಇಬ್ಬರೂ ಬೇರೆ ಬೇರೆ ಬೈಕಿನಲ್ಲಿ ಬಂದರು. ಅವರ ತಾಯಿ ಬಸ್ಸಿನಲ್ಲಿ ಬಂದಿದ್ದಳು. ಪ್ರಾಯದಲ್ಲಿ ತಲೆಯ ಮೇಲೆ ಬಳೆ ಬುಟ್ಟಿ ಹೊತ್ತು ಹಳ್ಳಿ ಹಳ್ಳಿ ತಿರುಗಿದ ಹೆಂಗಸು. ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ಕೂತಳು. ಮಕ್ಕಳು ಕೋಣೆಯ ಈ ಮೂಲೆಗೊಬ್ಬ, ಆ ಮೂಲೆಗೊಬ್ಬ ನಿಂತರು.

ನಾನು ಪರದೆಯನ್ನು ಅವರ ಕಡೆ ತಿರುಗಿಸಿದೆ. "ನೋಡ್ರಿ, ಇವು ನಿಮ್ಮಿಬ್ಬರ ಹೆಸರಿನ್ಯಾಗೂ ಇಲ್ಲ. ಸೈಟಿನಿಂದ ಏರಿಸಿದ ಫೋಟೋ ಎಲ್ಲಾ ಸರ್ವರ್ ತಾನ ಒಂದ ಹೆಸರಿನ ಮ್ಯಾಲ ಇಟ್ಕೊಂತೈತಿ. 'ನೋಬಡಿ' ಅಂತ."

"ಯಾವೂರಾಂವ?" ಎಂದ ಅಣ್ಣ.

"ನೋಬಡಿ ಅಂದ್ರ ಯಾರೂ ಅಲ್ಲ ಅಂತ್ರಿ."

"ಯಾರೂ ಅಲ್ಲದಾಂವಗ ನಮ್ಮ ಅಂಗಡಿ ಹೆಂಗ ಬರದ ಕೊಟ್ರಿ?" ಎಂದ ತಮ್ಮ.

"ನಾ ಕೊಟ್ಟಿಲ್ರಿ, ಅದು ತಾನ..."

"ದುಡದವ್ರು ನಾವು. ನಡುವ ಬಂದು ಕುಂಡ್ರಾಕ ಇಂವ ಯಾರು?" ಎಂದು ಅಣ್ಣ ತಮ್ಮನನ್ನು ಕೇಳಿದ.

"ಅದ ನೋಡ್ ಭಾಯ್," ಎಂದ ತಮ್ಮ.

ಗೋಡೆ ಎದ್ದ ಮೇಲೆ ಇಬ್ಬರೂ ಮಾತಾಡಿದ್ದು ಅದೇ ಮೊದಲಂತೆ. ಕೂಡಿ ಮಾತಾಡಿದ ಖುಷಿಗೋ ಏನೋ, ಇಬ್ಬರೂ ಸೇರಿ ನನ್ನ ಮೇಲೆ ಬಿದ್ದರು. ತಾಯಿ ಕೈ ಎತ್ತಿದಳು. ಇಬ್ಬರೂ ಮತ್ತೆ ತಮ್ಮ ತಮ್ಮ ಮೂಲೆಗೆ ಸರಿದರು.

"ತಮ್ಮಾ, ಒಂದ ಫೋಟೋ ದೊಡ್ಡದು ಮಾಡು," ಎಂದಳು ನನಗೆ.

ಮಾಡಿದೆ. ಮೊಣಕೈವರೆಗೆ ಹಸಿರು ಗಾಜಿನ ಬಳೆ ತೊಟ್ಟ ಒಂದು ಕೈ. ಇನ್ನೊಂದು ಎಂದಳು. ಅರಗಿನ ಬಳೆ, ಅದೇ ಕೈ. ಮತ್ತೊಂದು, ಮಗದೊಂದು. ಬಳೆ ಬೇರೆ ಬೇರೆ, ಕೈ ಅದೇ.

"ಯಾರ ಕೈ ಇದು?"

"ನಿಂದು ಅಮ್ಮೀ," ಎಂದ ತಮ್ಮ ಮೆಲ್ಲಗೆ.

"ಹಂಗಾದ್ರ ಯಾರೂ ಅಲ್ಲ ಅಂತ ಯಾಕ ಬರದಾರ? ನನ್ನ ಹೆಸರಿಗೆ ಮಾಡು," ಎಂದಳು ನನ್ನ ಕಡೆ ತಿರುಗಿ.

ಮಕ್ಕಳು ತಲೆಯಾಡಿಸಿದರು. ನಾನು ಅವಳ ಹೆಸರು ಬರೆದು ಆದೇಶ ಒತ್ತಿದೆ. ಪಟ್ಟಿಯ ತುಂಬ ಅವಳ ಹೆಸರೇ ಇಳಿದು ಬಂತು. ನನ್ನ ಹೆಸರು ಎಲ್ಲೈತಿ ಎಂದು ಕೇಳಿ, ತೋರಿಸಿದ ಕಡೆ ಬೆರಳು ಮುಟ್ಟಿಸಿ ನೋಡಿದಳು. ನನ್ನ ಧಂದೆ ಉಳಿಯಿತು ಎಂಬುದನ್ನೂ ಮರೆತು ನಾನು ಆ ಅಕ್ಷರಗಳನ್ನು ಇನ್ನಷ್ಟು ದೊಡ್ಡದಾಗಿ ತೋರಿಸಿದೆ.

"ಏನೇನು ಹಕ್ಕು ಇರತಾವ ಇದರಾಗ?"

"ಮೂರ್ರಿ. ಓದೋದು, ಬರಿಯೋದು, ನಡಸೋದು."

"ನನಗ ಓದಾಕ ಬರಂಗಿಲ್ಲ, ಬರಿಯಾಕೂ ಬರಂಗಿಲ್ಲ. ನಡಸೋದು ಅಷ್ಟ ಬರತೈತಿ. ಇರ್ಲಿ, ಮೂರೂ ನನ್ನ ಕಡೇನ ಇಡು."

"ಇವ್ರಿಬ್ಬರ್ನ ಗುಂಪಿನ್ಯಾಗ ಹಾಕ್ತೀನ್ರಿ. ಇವ್ರಿಗೆ ಏನೇನು ಕೊಡ್ಲಿ?"

ಅಣ್ಣತಮ್ಮ ಎರಡು ಮೂಲೆಯಿಂದ ಮುಂದೆ ಬಂದು ಪರದೆಗೆ ಬಗ್ಗಿದರು. ತಾಯಿ ಒಬ್ಬನ ಮುಖ ನೋಡಿದಳು, ಇನ್ನೊಬ್ಬನ ಮುಖ ನೋಡಿದಳು.

"ಬರಿಯೋದು ಬ್ಯಾಡ. ಅದನ್ನ ಕೊಟ್ರ ಮತ್ತೊಂದ ವಾಟ್ನಿಪತ್ರ ಬರೀತಾರ. ಓದೋದು ಅಷ್ಟ ಕೊಡು. ಸಾಲಿಗೆ ಕಳಿಸಿದಾಗ ಇಬ್ಬರೂ ಓದಲಿಲ್ಲ, ಈಗರ ಒಂದ ಕಡಿ ಕುಂತು ಓದ್ಲಿ."