ಮೂರನೆಯ ಫ್ಯಾನಿನ ಕಟಕಟ ಸದ್ದನ್ನು ನಮ್ಮ ಮನೆಗೆ ವರ್ಗಾಯಿಸುವ ಕುರಿತು

ಚಂದ್ರಹಾರ ಟಾಕೀಸಿನ ಮಾಲೀಕರಾದ ಶ್ರೀ ಸುಶೀಲೇಂದ್ರ ಅವರ ಸನ್ನಿಧಿಗೆ, ಅಥಣಿ ರಸ್ತೆಯಿಂದ, ಎಡಗೈಯಲ್ಲಿ ಮಗುವನ್ನು ತಟ್ಟುತ್ತ ಬಲಗೈಯಲ್ಲಿ ಬರೆಯುತ್ತಿರುವ ರೂಪಾಲಿಯ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ಜೋರಾಪುರ ಪೇಟೆಯ ತಮ್ಮ ಚಿತ್ರಮಂದಿರದ ಅರವತ್ತು ವರ್ಷಗಳ ಇತಿಹಾಸವನ್ನು ತಾವು ನವೀಕರಣದ ಸಂಭ್ರಮದಲ್ಲಿ ಗೇಟಿನ ಮೇಲೆ ಬರೆಸಿರುವುದನ್ನು ಓದಿ ಧನ್ಯಳಾದೆ. ಯಾವ ಚಿತ್ರ ಎಷ್ಟು ವಾರ ಓಡಿತು ಎಂಬುದೆಲ್ಲ ಅದರಲ್ಲಿದೆ. ಯಾರು ಎಷ್ಟು ಹೊತ್ತು ಮಲಗಿದರು ಎಂಬುದು ಮಾತ್ರ ಬಿಟ್ಟುಹೋಗಿದೆ. ಆ ಕೊರತೆಯನ್ನು ನಮ್ಮ ಮನೆತನದ ಪರವಾಗಿ ತುಂಬಿಕೊಡಲು ಅಪ್ಪಣೆಯಾಗಬೇಕು.

ಹೆಂಗಸರ ವಿಭಾಗದ ಹಿಂದಿನ ತೊಲೆಗೆ ತಮ್ಮ ಅಜ್ಜನವರು ಹನ್ನೆರಡು ಕಬ್ಬಿಣದ ಕೊಂಡಿಗಳನ್ನು ಹಾಕಿಸಿದ್ದರು. ತಿಕೋಟಾ, ಬಬಲೇಶ್ವರದ ಕಡೆಯಿಂದ ಬಂದ ತಾಯಂದಿರು ಅವಕ್ಕೆ ಹಳೆ ಸೀರೆಯ ತೊಟ್ಟಿಲು ಕಟ್ಟಿ, ತೂಗುವ ಹಗ್ಗವನ್ನು ಕಾಲ್ಬೆರಳಿಗೆ ಸುತ್ತಿಕೊಂಡು ಚಿತ್ರ ನೋಡುತ್ತಿದ್ದರು. ನಮ್ಮ ಯಜಮಾನರು ಸಂಗಮೇಶ ನಾಲ್ಕನೆಯ ಕೊಂಡಿಯಲ್ಲಿ ಬೆಳೆದವರು. ಹೀಗಾಗಿ, ಏಳು ತಿಂಗಳ ನಮ್ಮ ಅನುಜಾ ಕಣ್ಣು ಮುಚ್ಚಲು ಒಪ್ಪದೆ, ನಾನು ಶಿಶುಪಾಲನೆಯ ಮೂರು ಪುಸ್ತಕಗಳನ್ನು ಗೆರೆ ಎಳೆದು ಓದಿ ಅಳುತ್ತ ಕುಳಿತಾಗ ಅತ್ತೆಯವರಾದ ಸರಸ್ವತೀಬಾಯಿಯವರು, "ಪುಸ್ತಕ ಮುಚ್ಚವಾ, ಸಾಕು. ನಮ್ಮ ಸಂಗ್ಯಾ ಮೂರು ಫೈಟಿಂಗ್ ಆದ್ರೂ ಏಳತಿದ್ದಿಲ್ಲ. ನಡಿ ಟಾಕೀಸಿಗೆ!" ಎಂದರು.

ಅದೇ ಕೊಂಡಿ, ಅದರ ಮೇಲೆ ಕಟಕಟ ಎನ್ನುವ ಮೂರನೆಯ ಫ್ಯಾನು. ಪರದೆಯ ಮೇಲೆ ನಟನಟಿಯರ ಹೆಸರುಗಳು ಮುಗಿಯುವುದರೊಳಗೆ ಅನುಜಾ ಮಲಗಿದಳು. ಹಾಡು ಬರುವುದರೊಳಗೆ ಅತ್ತೆಯವರು. ಇಂಟರ್ವಲ್ಲಿಗೆ ನಾನೂ. ಹನ್ನೊಂದು ಮ್ಯಾಟಿನಿಗಳನ್ನು ಹೀಗೆ ಸ್ವರ್ಗದಲ್ಲಿ ಕಳೆದೆವು.

ಈಗ ತಾವು ಮೆತ್ತನೆಯ ಕುರ್ಚಿ, ನಾಲ್ಕು ದಿಕ್ಕಿನಿಂದ ಗರ್ಜಿಸುವ ಸ್ಪೀಕರ್, ಉಸಿರೂ ಬಿಡದ ಏಸಿ ಕೂಡಿಸಲೆಂದು ಬಾಗಿಲು ಮುಚ್ಚಿದ್ದೀರಿ. ಜನರಿಗಾಗಿ ಎಂಥ ಪರಿಶ್ರಮ! ಹದಿನೇಳು ದಿನಗಳಿಂದ ನಾವೆಲ್ಲ ಎಚ್ಚರವಿದ್ದು ತಮ್ಮನ್ನೇ ಸ್ಮರಿಸುತ್ತಿದ್ದೇವೆ. ಫ್ಯಾನಿನ ಸದ್ದನ್ನು ಬಾಯಿಂದ ಮಾಡಲು ಹೋಗಿ ಯಜಮಾನರು ನಾಲಿಗೆ ಕಚ್ಚಿಕೊಂಡು, ಕಚೇರಿಯಲ್ಲಿ ಸನ್ನೆಯಿಂದಲೇ ಕೆಲಸ ಸಾಗಿಸುತ್ತಿದ್ದಾರೆ.

ಆದಕಾರಣ ಆ ಫ್ಯಾನನ್ನೂ ನಾಲ್ಕನೆಯ ಕೊಂಡಿಯನ್ನೂ, ಸಾಧ್ಯವಾದರೆ ತೊಲೆ, ಗೋಡೆ, ಪರದೆ ಸಮೇತ, ನಮ್ಮ ನಡುಮನೆಗೆ ವರ್ಗಾಯಿಸಬೇಕೆಂದು ಪ್ರಾರ್ಥನೆ. ತಮ್ಮ ಗೇಟ್‌ಕೀಪರ್ ಬುಡ್ಡೇಸಾಬರು ಅವೆರಡನ್ನೂ ಗೋಣಿಚೀಲದ ಕೆಳಗೆ ಬಚ್ಚಿಟ್ಟಿದ್ದಾರೆ (ಈ ವಾಕ್ಯವನ್ನು ತಾವು ಓದಿಲ್ಲವೆಂದು ಭಾವಿಸತಕ್ಕದ್ದು). "ಅಕ್ಕಾರ, ಸೋಮವಾರ ಗುಜರಿ ಗಾಡಿ ಬರತೈತ್ರಿ. ಅಷ್ಟರೊಳಗ ಮಾಲಕರು ಹೂಂ ಅಂದ್ರ ಸಾಕ್ರಿ, ನಾನ ಹೊತ್ತು ತರತೇನಿ" ಎಂದಿದ್ದಾರೆ. ಹೂಂ ಎನ್ನಲು ತಮಗೆ ಬಾಯಿ ತೆರೆಯುವ ಶ್ರಮವೂ ಇಲ್ಲ.

ಸೋಮವಾರದೊಳಗೆ ಆಕಳಿಸುವ ಭರವಸೆಯಲ್ಲಿ,

ತಮ್ಮ ವಿಶ್ವಾಸಿ,
ರೂಪಾಲಿ
(ಅನುಜಾಳ ತಾಯಿ)

ತಾ.ಕ.: ಹೊಸ ಟಾಕೀಸಿನಲ್ಲಿ ಯಾರಿಗೂ ನಿದ್ದೆ ಬಾರದಂತೆ ತಾವು ಸಕಲ ಏರ್ಪಾಡು ಮಾಡಿರುವುದರಿಂದ, ಅರವತ್ತು ವರ್ಷಗಳಲ್ಲಿ ಮೊದಲ ಸಲ ಜನ ಇಂಟರ್ವಲ್ ನಂತರದ ಚಿತ್ರವನ್ನೂ ನೋಡಿಬಿಡುವ ಅಪಾಯವಿದೆ. ಆಗ ಫ್ಯಾನನ್ನು ಮರಳಿ ಕೇಳಲು ತಾವೇ ನಮ್ಮಲ್ಲಿಗೆ ಓಡಿ ಬರುವಿರಿ. ದಯವಿಟ್ಟು ಬಾಗಿಲು ಬಡಿಯಬೇಡಿ, ಕೂಸು ಮಲಗಿರುತ್ತದೆ.