ಮನೆಗೊಂದು ಬಿಟ್

ಬಹಳ ಹಿಂದೆ, ಸರ್ವರ್ ಡೌನ್ ಎಂಬುದು ಇನ್ನೂ ಸುದ್ದಿಯಾಗುತ್ತಿದ್ದ ಕಾಲದಲ್ಲಿ, ಸ್ಮೃತಿಪುರವೆಂಬ ಒಂದು ರಾಜ್ಯವಿತ್ತು. ಪ್ರಜೆಗಳ ಮನೆಮಠದ ವಿವರವನ್ನೆಲ್ಲ ಅರಮನೆಯ ಕಂಪ್ಯೂಟರಿನಲ್ಲಿ ತುಂಬಿಡಲಾಗಿತ್ತು. ಮಿಕ್ಕ ಜಾಗದಲ್ಲಿ ಶ್ರೀಮನ್ಮಹಾರಾಜ ವಿಸ್ತಾರವರ್ಮರ ಭಾಷಣಗಳ ವಿಡಿಯೋಗಳಿದ್ದವು. ಮಿಕ್ಕ ಜಾಗವೇ ಹೆಚ್ಚಿತ್ತೆಂದು ಬೇರೆ ಹೇಳಬೇಕಿಲ್ಲ.

ಒಂದು ದಿನ ಕಂಪ್ಯೂಟರಿನ ಭಂಡಾರ ತುಂಬಿಹೋಗಿ, ಹುಟ್ಟುಹಬ್ಬದ ಭಾಷಣದ ವಿಡಿಯೋ ಅರ್ಧಕ್ಕೇ ನಿಂತಿತು. ಮಹಾರಾಜರು ಗಣಕಾಮಾತ್ಯ ಉತ್ಪ್ರೇಕ್ಷಭಟ್ಟನನ್ನು ಕರೆಸಿದರು.

"ಜಾಗದ ಲೆಕ್ಕ ಬಿಟ್‌ನಿಂದ ಶುರು, ಪ್ರಭು. ಒಂದು ಬಿಟ್ ಹಿಡಿಯೋದು ಹೌದು ಅಥವಾ ಇಲ್ಲ, ಇಷ್ಟನ್ನೇ" ಎಂದ ಭಟ್ಟ. "ಎಂಟು ಬಿಟ್ ಸೇರಿದ್ರೆ ಒಂದು ಬೈಟ್. ಇಂಗ್ಲಿಷ್ ಅಕ್ಷರ ಒಂದು ಬೈಟಲ್ಲಿ ಕೂರುತ್ತೆ, ನಮ್ಮದಕ್ಕೆ ಮೂರು ಬೇಕು. ಸಾವಿರದ ಇಪ್ಪತ್ನಾಲ್ಕು ಬೈಟಿಗೆ ಒಂದು ಕೆಬಿ, ಅಷ್ಟು ಕೆಬಿಗೆ ಒಂದು ಎಂಬಿ, ಹಾಗೇ ಜಿಬಿ, ಅದರ ಮೇಲೆ ಟೆರಾಬೈಟ್."

"ಆ ಇಪ್ಪತ್ನಾಲ್ಕು ಯಾಕೆ?"

"ಯಂತ್ರಕ್ಕೆ ದುಪ್ಪಟ್ಟು ಮಾಡೋದೊಂದೇ ಗೊತ್ತು. ಎರಡು, ನಾಲ್ಕು, ಎಂಟು ಅಂತ ಹೋಗಿ ಅಲ್ಲಿಗೆ ಮುಟ್ಟುತ್ತೆ."

"ನಮ್ಮ ಕರೆಂಟ್ ತಿಂದು ತನ್ನದೇ ಲೆಕ್ಕ ಹೇಳುತ್ತಾ?"

ಅಂದೇ ಶಾಸನ ಹೊರಟಿತು: ಇನ್ನು ಸಾವಿರಕ್ಕೇ ಒಂದು ಕೆಬಿ. ಒಂದು ಡಿಸ್ಕನ್ನೂ ಕೊಳ್ಳದೆ ಭಂಡಾರ ಬೆಳೆಯಿತೆಂದು ಊರೆಲ್ಲ ಫ್ಲೆಕ್ಸ್ ಕಟ್ಟಿದರು. ಭಾಷಣ ಮಾತ್ರ ಅರ್ಧದಲ್ಲೇ ಇತ್ತು. ಯಂತ್ರಕ್ಕೆ ರಾಜಭಕ್ತಿ ಸಾಲದೆಂದು ಆಸ್ಥಾನ ತೀರ್ಮಾನಿಸಿತು.

ಆಗ ಭಟ್ಟನಿಗೆ ಉಪಾಯ ಹೊಳೆಯಿತು. "ಒಂದೊಂದು ಮನೆಗೂ ಸಾವಿರಾರು ಬೈಟ್ ದುಂದು, ಪ್ರಭು. ಮನೆಗೊಂದು ಬಿಟ್ ಕೊಡೋಣ. ಅದರಲ್ಲೇ ಅಡ್ಜಸ್ಟ್ ಮಾಡ್ಕೊಳ್ಳಲಿ."

"ನಮಗೂ ಇದೇ ಹೊಳೆದಿತ್ತು."

"ತಮ್ಮ ತಲೆಯಿಂದಲೇ ನಾನು ಕದ್ದದ್ದು."

ಮನೆಗಳ ವಿವರವೆಲ್ಲ ಅಳಿಸಿಹೋಗಿ ಭಾಷಣ ಪೂರ್ತಿ ಕೂತಿತು. ಈ ಗೆಲುವಿಗೆಂದು ಅರಮನೆಗೆ ಈಗ ವಿಜಯಮಂಟಪ ಕಟ್ಟಲು ಜಾಗ ಬೇಕಾಯಿತು. ಪುರಿ ಮಾರುವ ಸಣ್ಣೀರಮ್ಮನ ಮನೆಗೆ ಸುಣ್ಣದ ಗೆರೆ ಬಿತ್ತು. ಅವಳು ಅರಮನೆಯ ಕೌಂಟರಿಗೆ ಓಡಿದಳು.

"ಸಂತೆಬೀದಿ ಕೊನೇ ಮನೆ ಯಾರ್ದು ಅಂತ ನೋಡಿ ಸ್ವಾಮಿ. ಕೆಡವ್ತೀವಿ ಅಂತಾವ್ರೆ. ನಮ್ಮತ್ತೆ ಕಟ್ಸಿದ್ದು."

ಗುಮಾಸ್ತ ಗುಂಡಿ ಒತ್ತಿದ. "ಹೌದು ಅಂತ ಬರ್ತಿದೆ."

"ಏನು ಹೌದು?"

"ಮನೆ ಇದೆ, ಹೌದು. ಯಾರ್ದು ಅನ್ನೋಕೆ ಇದರಲ್ಲಿ ಜಾಗ ಇಲ್ಲ."

"ನಂದು ಅಂತ ನಾನೇ ಹೇಳ್ತಿದೀನಲ್ಲ."

"ನೀವು ಹೇಳ್ಬೋದಮ್ಮ. ಅದನ್ನ ಇಡೋದೆಲ್ಲಿ?"

ಯಾರದೆಂದು ದಾಖಲೆ ಇಲ್ಲದ್ದು ಅರಮನೆಯದು ಎಂಬುದು ಅಲ್ಲಿನ ಕಾನೂನು. ಮನೆ ಉರುಳಿತು, ಮಂಟಪ ಎದ್ದಿತು. ಇದನ್ನು ಬರೆಯುವಾಗ ನನಗೂ ಹೊಟ್ಟೆ ಉರಿಯುತ್ತದೆ, ಆದರೆ ಮಂಟಪ ಚೆನ್ನಾಗಿಯೇ ಬಂದಿತ್ತಂತೆ.

ಅಲ್ಲಿ ಮಹಾರಾಜರಿಗೆ 'ಟೆರಾಬೈಟ್ ಚಕ್ರವರ್ತಿ' ಎಂದು ಕಿರೀಟ ತೊಡಿಸಿ, ಸಮ್ಮತಿಯೇ ಎಂದು ಪ್ರಜೆಗಳನ್ನು ಕೇಳಿದರು.

"ಇಲ್ಲ" ಎಂದಳು ಸಣ್ಣೀರಮ್ಮ, ಎಲ್ಲರಿಗೂ ಕೇಳುವ ಹಾಗೆ.

ಮಹಾರಾಜರು ಭಟ್ಟನ ಮುಖ ನೋಡಿದರು.

"ಎಲ್ಲರದೂ ಹೌದು ಅಂತಲೇ ಇಟ್ಕೊಂಡ್ರೆ ಬರೆದಿಡೋದೇ ಬೇಡ, ಪ್ರಭು. ತಲೆಗೊಂದು ಬಿಟ್, ಅದೂ ಉಳೀತು."

ಉಳಿದ ಆ ಜಾಗಕ್ಕೆಂದು ಚಕ್ರವರ್ತಿಗಳು ಹೊಸ ಭಾಷಣ ಶುರುಮಾಡಿದರು. ತನ್ನ ಅಡುಗೆಮನೆ ಇದ್ದ ಕಡೆ ನಿಂತು ಸಣ್ಣೀರಮ್ಮ ಅದನ್ನು ಪೂರ್ತಿ ಕೇಳಬೇಕಾಯಿತು.