ಗಂಗಾಧರನ ಸುಫ್ಲೆ ಪರೀಕ್ಷೆ

ಸುಫ್ಲೆ ಬೇಯುವಾಗ ಒವನ್ನಿನ ಬಾಗಿಲು ತೆಗೆಯಬಾರದು. ಇದನ್ನು ಚಿಂತಾಮಣಿಯ ಗಂಗಾಧರ ಬೆಳಗ್ಗೆಯಿಂದ ಮನೆಯವರಿಗೆಲ್ಲ ಹೇಳಿದ್ದ. ಪಕ್ಕದ ಮನೆಯ ಮುನಿಗಂಗಪ್ಪನಿಗೆ ಹೇಳಲು ಮರೆತಿದ್ದ.

ಮೊಟ್ಟೆಯ ಬಿಳಿಯನ್ನು ನೊರೆ ಬರುವಂತೆ ಕಡೆದು ಮಾಡುವ ಈ ಫ್ರೆಂಚ್ ತಿನಿಸೇ ಅವನ ಆನ್‌ಲೈನ್ ಅಡುಗೆ ಕೋರ್ಸಿನ ಕೊನೆಯ ಪರೀಕ್ಷೆ. ಪಾಸಾದರೆ ನಂದಿಬೆಟ್ಟದ ಬುಡದ ರೆಸಾರ್ಟಿನಲ್ಲಿ ಕೆಲಸ. ಬಿಂದಿಗೆಗೆ ಒರಗಿಸಿದ್ದ ಮೊಬೈಲಿನಲ್ಲಿ ಪರೀಕ್ಷಕಿ ಶೆಫ್ ಶೈಲಾ ಕಣ್ಣು ಮಿಟುಕಿಸದೆ ಕೂತಿದ್ದರು. ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ, ನಗುವಂತೂ ಇಲ್ಲವೇ ಇಲ್ಲ.

ಸುಫ್ಲೆ ಹೊಸ ಬೀಗರಂತೆ ಉಬ್ಬತೊಡಗಿತು. ಅಷ್ಟರಲ್ಲಿ ಮುನಿಗಂಗಪ್ಪ ಒಳಬಂದ.

"ಏನಪ್ಪಾ ಗಮಗಮ ಅಂತೈತೆ!" ಎಂದವನೇ ಒವನ್ನಿನ ಬಾಗಿಲು ತೆಗೆದ.

ಸುಫ್ಲೆ ಪಂಕ್ಚರಾದ ಟ್ಯೂಬಿನಂತೆ ಕುಸಿಯಿತು. ಗಂಗಾಧರನೂ ಕುಸಿದ.

ಅಜ್ಜಿ ಆದಿಲಕ್ಷ್ಮಮ್ಮ ಧೈರ್ಯಗೆಡಲಿಲ್ಲ. ಕನ್ನಡದಲ್ಲಿ ಹೇಳಿದರೆ ಮೇಡಂಗೆ ತಿಳಿದೀತೆಂದು ತೆಲುಗಿಗೆ ಇಳಿದಳು. "ಒರೇಯ್, ಬೇಕರೀ ಬನ್ನು ಪೆಟ್ಟುರಾ. ಆ ದೆಯ್ಯಾನಿಕೇಮಿ ತೆಲುಸ್ತುಂದಿ?" ಬನ್ ಇಡು, ಆ ದೆವ್ವಕ್ಕೇನು ತಿಳಿಯುತ್ತೆ ಎಂದು.

ಮುನಿಗಂಗಪ್ಪ ಓಡಿಹೋಗಿ ಬನ್ ತಂದ. ಗಂಗಾಧರ ಮೊಬೈಲಿಗೆ ಬೆನ್ನು ತಿರುಗಿಸಿ, ಅದನ್ನು ಬಟ್ಟಲಿಗೆ ತುರುಕಿ, ಎತ್ತಿ ತೋರಿಸಿದ.

ಮೇಡಂ ದಿಟ್ಟಿಸಿ ನೋಡಿದರು. "ಬನ್ನು ಬಾಗುಂದಿ ನಾಯನಾ," ಎಂದು ತೆಲುಗಿನಲ್ಲೇ ಬನ್ನನ್ನು ಹೊಗಳಿದರು. "ನಾನೂ ನಿಮ್ಮ ಕಡೆಯೋಳೇ, ಚಿಂತಾಮಣಿ ಪಕ್ಕದ ಕೆಂಚಾರ್ಲಹಳ್ಳಿ."

ಗಂಗಾಧರ ಅಳುವುದೊಂದೇ ಬಾಕಿ. "ತಪ್ಪಾಯ್ತು ಮೇಡಂ!"

"ಅಳಬ್ಯಾಡ. ನೀನು ಕಡೆದಿದ್ದು, ಅದು ಉಬ್ಬಿದ್ದು, ಎಲ್ಲಾ ನೋಡಿದೀನಿ. ಬಾಗಿಲು ತೆಗೆದೋನು ನೀನಲ್ಲವಲ್ಲ. ಪಾಸ್ ಮಾಡ್ತೀನಿ ಬಿಡು."

ಗಂಗಾಧರನಿಗೆ ಹೋದ ಜೀವ ಬಂತು. ಅವನು ಬಾಯಿ ತೆರೆಯುವ ಮೊದಲೇ ಅಜ್ಜಿ ಮೊಬೈಲಿಗೆ ಮುಖ ತೂರಿಸಿದಳು.

"ಕೆಂಚಾರ್ಲಹಳ್ಳೀಲಿ ಯಾರ ಮನೆ ತಾಯಿ?"

"ಬಯ್ಯಪ್ಪನೋರ ಮಗಳು."

"ಅಯ್ಯೋ ನನ್ನವ್ವಾ! ಬಯ್ಯಪ್ಪ ನಮ್ಮ ದೊಡ್ಡಪ್ಪನ ಮಗ ಕಣೇ! ನಾನು ನಿಂಗೆ ಸೋದರತ್ತೆ. ನೀನು ನಮ್ಮ ಗಂಗಾಧರಂಗೆ ಚಿಕ್ಕಮ್ಮ ಆಗ್ಬೇಕು!"

ಮೇಡಂ ಮೊದಲ ಸಲ ನಕ್ಕರು. ಮರುಕ್ಷಣ ಆ ನಗು ಮಾಯವಾಯಿತು.

"ಅಯ್ಯೋ, ಸಂಬಂಧಿಕರ ಪರೀಕ್ಷೆ ನಾನು ತಗೊಳ್ಳಂಗಿಲ್ಲ ಅತ್ತೆ. ರೂಲ್ಸು. ಇದು ಲೆಕ್ಕಕ್ಕಿಲ್ಲ. ಮುಂದಿನ ವರ್ಷ ಬೇರೆಯೋರ ಹತ್ರ ಕೊಡ್ಲಿ."

"ಅದಿರ್ಲಿ ಬಿಡಮ್ಮ," ಎಂದ ಅಜ್ಜಿ ಮೊಮ್ಮಗನತ್ತ ತಿರುಗಿದಳು. "ಏನೋ ಮರದಂಗೆ ನಿಂತಿದ್ದೀಯ? ಚಿಕ್ಕಮ್ಮನ ಕಾಲಿಗೆ ಬೀಳೋ!"

ಗಂಗಾಧರ ಮೊಬೈಲಿಗೆ ಅಡ್ಡಬಿದ್ದ.